ಪೆರ್ಗಮದ ವೈದ್ಯ ಗೇಲನ್

ಪ್ರಕಟನಾ ಗ್ರಂಥವು ಹೆಸರಿಸುವ ಏಳು ಧರ್ಮಸಭೆಗಳಲ್ಲಿ ಪೆರ್ಗಮವೂ ಒಂದೆಂಬುದನ್ನು ನಾವು ಬಲ್ಲೆವು. ಇಂದು ತುರ್ಕಿ ದೇಶಕ್ಕೆ ಸೇರಿರುವ ಆ ನಗರದಲ್ಲಿಯೇ ಕ್ರಿ.ಶ. 129ರಲ್ಲಿ ಗೇಲನ್ ಜನಿಸಿದನು. ತಂದೆ ನಿಕಾನ್ ವಾಸ್ತುಶಿಲ್ಪಿ, ಶಾಂತಸ್ವಭಾವದವನು. ತಾಯಿಯಾದರೋ ಸಿಟ್ಟು ಬಂದರೆ ದಾಸಿಯರನ್ನು ಕಚ್ಚುತ್ತಿದ್ದಳೆಂದು ಮಗನೇ ಬರೆದಿಟ್ಟಿದ್ದಾನೆ! ತತ್ತ್ವಶಾಸ್ತ್ರ ಓದುತ್ತಿದ್ದ ಮಗನನ್ನು ತಂದೆ ಒಂದು ಕನಸಿನ ಪ್ರೇರಣೆಯಿಂದ ವೈದ್ಯವಿದ್ಯೆಗೂ ಹಚ್ಚಿದನು. ಗೇಲನ್ ಎರಡನ್ನೂ ಕಡೆಯವರೆಗೆ ಕೈಬಿಡಲಿಲ್ಲ.

ಸ್ಮುರ್ನ, ಕೊರಿಂಥ, ಅಲೆಕ್ಸಾಂಡ್ರಿಯಗಳಲ್ಲಿ ಕಲಿತು 157ರಲ್ಲಿ ಊರಿಗೆ ಮರಳಿದ ಅವನಿಗೆ ದೊರೆತದ್ದು ಗ್ಲಾಡಿಯೇಟರುಗಳೆಂಬ ಖಡ್ಗಮಲ್ಲರ ಶುಶ್ರೂಷೆ. ಮಾನವ ಶವವನ್ನು ಕೊಯ್ದು ನೋಡುವ ರೂಢಿ ಅಂದು ಇರಲಿಲ್ಲ. ಜನರ ವಿನೋದಕ್ಕಾಗಿ ಕಾದಾಡಿದವರ ಸೀಳಿದ ತೊಡೆ, ತುಂಡಾದ ಸ್ನಾಯುಗಳೇ ಅವನ ಪಾಠಶಾಲೆಯಾದವು. ದ್ರಾಕ್ಷಾರಸದಲ್ಲಿ ನೆನೆಸಿದ ಬಟ್ಟೆಯಿಂದ ಗಾಯಗಳನ್ನು ಸದಾ ತೇವವಾಗಿಡುತ್ತಿದ್ದನು.

162ರಲ್ಲಿ ರೋಮಿಗೆ ಹೋದನು. ಅಲ್ಲಿ ವಿದ್ವಾಂಸರೆದುರು ಅವನು ನಡೆಸಿದ ಪ್ರಯೋಗವೊಂದು ಪ್ರಸಿದ್ಧ. ಕಟ್ಟಿಹಾಕಿದ ಹಂದಿ ಕಿರುಚುತ್ತಿರುವಾಗ ಕೊರಳಿನ ಸಣ್ಣ ನರಗಳನ್ನು ಕತ್ತರಿಸಿದೊಡನೆ ಅದರ ದನಿ ಉಡುಗಿತು. ಹೃದಯವಲ್ಲ, ಮೆದುಳೇ ದನಿಯ ಒಡೆಯನೆಂದು ಸಿದ್ಧವಾಯಿತು. ಗುರುಮಠದಲ್ಲಿ ಅರಿಸ್ಟಾಟಲನನ್ನು ಓದಿ, ಬುದ್ಧಿಯ ನೆಲೆ ಹೃದಯವೆಂಬ ವಾದವನ್ನು ಬರೆದುಕೊಂಡ ನಮಗೆ ಇದು ಸಣ್ಣ ಸಂಗತಿಯಲ್ಲ.

166ರಲ್ಲಿ ಮಹಾಮಾರಿಯ ಕಾಲಕ್ಕೆ ಅವನು ರೋಮನ್ನು ತೊರೆದದ್ದುಂಟು. ಚಕ್ರವರ್ತಿ ಮಾರ್ಕಸ್ ಔರೇಲಿಯಸನ ಕರೆಗೆ ಮರಳಿ ಬಂದು ಅರಮನೆಯ ವೈದ್ಯನಾದನು. 192ರ ಬೆಂಕಿಯಲ್ಲಿ ಅವನ ಹಸ್ತಪ್ರತಿ, ಔಷಧಿ, ಶಸ್ತ್ರಗಳೆಲ್ಲ ಭಸ್ಮವಾದವು. ಆ ನಷ್ಟವನ್ನು ದುಃಖವಿಲ್ಲದೆ ಸಹಿಸಿದ ಬಗೆಯನ್ನು ಮಿತ್ರನಿಗೆ ಬರೆದ ಪತ್ರದ ಗ್ರೀಕ್ ಪ್ರತಿ 2005ರಲ್ಲಿ ಥೆಸಲೋನಿಕದ ಮಠವೊಂದರಲ್ಲಿ ದೊರೆಯಿತು.

ಕಪಿ, ಹಂದಿಗಳಲ್ಲಿ ಕಂಡದ್ದನ್ನು ಮನುಷ್ಯನಿಗೂ ಅನ್ವಯಿಸಿ ಅವನು ಎಡವಿದ್ದುಂಟು. 1543ರಲ್ಲಿ ವೆಸಾಲಿಯಸ್ ಆ ತಪ್ಪುಗಳನ್ನು ಎತ್ತಿತೋರಿಸಿದನು. ಕಣ್ಣಾರೆ ಕಂಡು ಕಲಿಯಿರೆಂದು ಬೋಧಿಸಿದವನ ಗ್ರಂಥವನ್ನೇ ಶತಮಾನಗಳ ಕಾಲ ಕಣ್ಣುಮುಚ್ಚಿ ನಂಬಿದವರ ತಪ್ಪೇ ಹೆಚ್ಚಿನದೆಂದು ನಮಗೆ ತೋರುತ್ತದೆ.

ಕ್ರೈಸ್ತರ ಬಗೆಗೂ ಅವನು ಬರೆದಿದ್ದಾನೆ. ಪ್ರಮಾಣವನ್ನು ಕೇಳದೆ ವಿಶ್ವಾಸದಿಂದಲೇ ಎಲ್ಲವನ್ನೂ ಒಪ್ಪುತ್ತಾರೆಂಬುದು ಅವನ ಆಕ್ಷೇಪಣೆ. ಅದು ನಮ್ಮನ್ನು ಇಂದಿಗೂ ಚುಚ್ಚುತ್ತದೆ. ಆದರೆ ಮರಣಕ್ಕೆ ಅಂಜದ ಅವರ ಧೈರ್ಯವನ್ನೂ ಅನ್ನಪಾನಗಳಲ್ಲಿನ ಸಂಯಮವನ್ನೂ ಅವನು ತತ್ತ್ವಜ್ಞಾನಿಗಳ ನಡತೆಗೆ ಸಮನೆಂದು ಒಪ್ಪಿಕೊಂಡನು. ಆ ಬರಹದ ಗ್ರೀಕ್ ಮೂಲ ಕಳೆದುಹೋಗಿದೆ. ಅರಬ್ಬೀ ಲೇಖಕರು ಉಳಿಸಿಕೊಟ್ಟದ್ದರಿಂದ ಅದು ನಮಗೆ ತಲಪಿದೆ.