ಭೂಕಂಪದ ನಕಾಶೆ ಬರೆದ ಓಲ್ಡ್‌ಹ್ಯಾಮ್

ಭೂಮಿ ನಡುಗಿತೆಂಬ ಸುದ್ದಿ ಬಂದೊಡನೆ ಕಂಪನ ಎಷ್ಟು ದೊಡ್ಡದೆಂದು ಎಲ್ಲರೂ ಕೇಳುತ್ತಾರೆ. ಯಾವ ಊರು ಎಷ್ಟು ನಡುಗಿತು, ಆ ಊರಿನ ಗೋಡೆಗಳು ಎಂತಹವು ಎಂದು ಕೇಳುವವರು ವಿರಳ. ನಾನು ಕನ್ನಡದ ಅಧ್ಯಾಪಕ. ಭೂವಿಜ್ಞಾನ ನನ್ನ ಕ್ಷೇತ್ರವಲ್ಲ. ಆದರೂ ಈ ಎರಡು ಪ್ರಶ್ನೆಗಳನ್ನು ನಮ್ಮ ದೇಶದ ನೆಲದಲ್ಲೇ ನಿಂತು ಕೇಳಿದ ರಿಚರ್ಡ್ ಡಿಕ್ಸನ್ ಓಲ್ಡ್‌ಹ್ಯಾಮನ ಜೀವನವನ್ನು ವಿದ್ಯಾರ್ಥಿಗಳಿಗೆ ಪರಿಚಯಿಸಬೇಕೆನಿಸುತ್ತದೆ.

ಆತನು 1858ರ ಜುಲೈ 31ರಂದು ಡಬ್ಲಿನ್ನಿನಲ್ಲಿ ಜನಿಸಿದನು. ತಂದೆ ಥಾಮಸ್ ಓಲ್ಡ್‌ಹ್ಯಾಮನು ಭಾರತೀಯ ಭೂವಿಜ್ಞಾನ ಸರ್ವೇಕ್ಷಣೆಯ ಮೊದಲ ಮುಖ್ಯಾಧಿಕಾರಿ. ಭಾರತದ ಭೂಕಂಪಗಳ ಪಟ್ಟಿಯೊಂದನ್ನು ಸಿದ್ಧಪಡಿಸಿ, ಅದು ಅಚ್ಚಾಗುವ ಮೊದಲೇ, 1878ರಲ್ಲಿ ತೀರಿಕೊಂಡನು. ಮರುವರ್ಷ ಮಗನು ಅದೇ ಸಂಸ್ಥೆಯನ್ನು ಸೇರಿ, ಆ ಪಟ್ಟಿಯನ್ನು ಸಂಪಾದಿಸಿ 1883ರಲ್ಲಿ ಬೆಳಕಿಗೆ ತಂದನು. ಬೇರೆ ಮಕ್ಕಳಿಗೆ ಹೊಲ ಮನೆಗಳು ಪಿತ್ರಾರ್ಜಿತವಾಗಿ ಬಂದರೆ ಈತನಿಗೆ ಭೂಕಂಪಗಳ ಲೆಕ್ಕ ಬಂದಿತು.

1897ರ ಜೂನ್ 12ರ ಸಂಜೆ ಅಸ್ಸಾಮಿನ ಮಹಾಭೂಕಂಪ ಸಂಭವಿಸಿತು. ಕಂಪನವನ್ನು ಅಳೆದು ಬರೆದಿಡುವ ಯಂತ್ರಗಳ ಜಾಲ ಆಗ ದೇಶದಲ್ಲಿರಲಿಲ್ಲ. ಓಲ್ಡ್‌ಹ್ಯಾಮನೂ ಅವನ ಸಹೋದ್ಯೋಗಿಗಳೂ ಊರೂರಿನಿಂದ ವರದಿಗಳನ್ನು ತರಿಸಿದರು. ಉರುಳಿದ ಕಂಬ, ಡೊಂಕಾದ ರೈಲು ಹಳಿ, ಬಿರಿದ ನೆಲ ಇವುಗಳನ್ನೇ ಸಾಕ್ಷಿಗಳನ್ನಾಗಿ ವಿಚಾರಿಸಿದರು. ಸಮನಾಗಿ ನಡುಗಿದ ಊರುಗಳನ್ನು ಗೆರೆಯಿಂದ ಕೂಡಿಸಿ ನಕಾಶೆ ಸಿದ್ಧವಾಯಿತು. ಇಟಲಿಯ 1857ರ ಭೂಕಂಪವನ್ನು ಪರಿಶೀಲಿಸಿ ರಾಬರ್ಟ್ ಮ್ಯಾಲೆಟ್ ಹಾಕಿಕೊಟ್ಟಿದ್ದ ದಾರಿಯದು.

ಷಿಲ್ಲಾಂಗಿನಲ್ಲಿ ಆತನು ಕಂಡುದು ಇನ್ನೂ ಮುಖ್ಯವಾದುದು. ಒಂದೇ ಊರು, ಒಂದೇ ಕಂಪನ. ಕಲ್ಲಿನ ಮನೆಗಳೆಲ್ಲ ನೆಲಸಮವಾದವು. ಮರದ ಚೌಕಟ್ಟಿಗೆ ಹುಲ್ಲಿನ ತಡಿಕೆ ಕಟ್ಟಿ ಗಾರೆ ಮೆತ್ತಿದ ಮನೆಗಳಲ್ಲಿ ಸುಮಾರು ಅರ್ಧ ಕೆಟ್ಟವು. ಹಲಗೆಯ ಮನೆಗಳು ಅಲುಗದೆ ನಿಂತವು. ಹಾನಿಯನ್ನು ನಿರ್ಣಯಿಸುವುದು ಕಂಪನವೊಂದೇ ಅಲ್ಲ, ಗೋಡೆಯೂ ಹೌದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕೆ?

1899ರಲ್ಲಿ ವರದಿ ಹೊರಬಿತ್ತು. ಅನಾರೋಗ್ಯದಿಂದ 1903ರಲ್ಲಿ ಆತನು ಭಾರತದ ಸೇವೆಯನ್ನು ಬಿಟ್ಟನು. 1906ರಲ್ಲಿ, ಭೂಕಂಪದ ಅಲೆಗಳ ಗತಿಯನ್ನು ಪರೀಕ್ಷಿಸಿ, ಭೂಮಿಯ ನಡುವೆ ಬೇರೆಯೇ ಆದ ತಿರುಳೊಂದಿದೆ ಎಂಬುದಕ್ಕೆ ಆಧಾರವನ್ನು ಒದಗಿಸಿದನು. ಪಠ್ಯಪುಸ್ತಕಗಳು ನೆನೆಯುವುದು ಈ ಸಂಶೋಧನೆಯನ್ನೇ. 1936ರ ಜುಲೈ 15ರಂದು ಆತನು ನಿಧನನಾದನು.

ಅಂದು ಎರಡು ವರ್ಷ ಹಿಡಿದ ನಕಾಶೆ ಇಂದು ಕೆಲವು ನಿಮಿಷಗಳಲ್ಲಿ ಸಿದ್ಧವಾಗುತ್ತದೆ. ಯಂತ್ರಗಳ ಅಳತೆಗೆ ಜನಸಂಖ್ಯೆಯನ್ನೂ ಮನೆಗಳ ಬಗೆಯನ್ನೂ ಜೋಡಿಸಿ, ಎಷ್ಟು ಸಾವುನೋವು, ಎಷ್ಟು ನಷ್ಟ ಆಗಿರಬಹುದೆಂಬ ಅಂದಾಜನ್ನು ಅಮೆರಿಕದ ಭೂವಿಜ್ಞಾನ ಸರ್ವೇಕ್ಷಣೆಯು ಸುಮಾರು ಅರ್ಧ ಗಂಟೆಯಲ್ಲಿ ಹೊರಡಿಸುತ್ತದೆ. ನೆರವು ಮೊದಲು ಯಾವ ಕಡೆಗೆ ಹೊರಡಬೇಕೆಂಬುದು ಅದರಿಂದ ತಿಳಿಯುತ್ತದೆ.

ಇದು ನಮಗೆ ದೂರದ ಮಾತಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿ ಪ್ರದೇಶ ನಡುಗಿದಾಗ ಹತ್ತಿರಹತ್ತಿರ 10,000 ಜನ ಮಡಿದರು. ಭೂಕಂಪದ ಭಯ ತೀರ ಕಡಿಮೆಯೆಂದು ಅಂದಿನ ನಕಾಶೆಯು ಗುರುತಿಸಿದ್ದ ಸೀಮೆ ಅದು. ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆ, ಭಾರವಾದ ಮಣ್ಣಿನ ಮಾಳಿಗೆ ಮಲಗಿದವರ ಮೇಲೆ ಬಿದ್ದವು. ಅಂತಹ ಮನೆಗಳು ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಹಳ್ಳಿಗಳಲ್ಲೂ ಗದಗು-ಬೆಟಗೇರಿಯ ಹಳೆಯ ಓಣಿಗಳಲ್ಲೂ ಇವೆ. ಮೇಲ್ಮುದ್ದೆಯ ಮನೆ ಬೇಸಿಗೆಯಲ್ಲಿ ತಂಪೆಂದು ಹೊಗಳುತ್ತೇವೆ, ಅದು ನಿಜ. ಮಳೆಗಾಲಕ್ಕೆ ಮುನ್ನ ಹೊಸ ಮಣ್ಣು ಏರಿಸಿದಂತೆಲ್ಲ ಮಾಳಿಗೆಯ ಭಾರ ಬೆಳೆಯುವುದೂ ನಿಜ. ಪೂರ್ವಕ್ಕಿರುವ ಬಳ್ಳಾರಿ ಸೀಮೆ 1843ರಲ್ಲಿ ನಡುಗಿದುದು ದಾಖಲೆಯಲ್ಲಿದೆ.

ಕಂಪನದ ಗೆರೆಗಳನ್ನು ಯಂತ್ರ ಎಳೆಯುತ್ತದೆ. ಯಾವ ಓಣಿಯಲ್ಲಿ ಯಾವ ಗೋಡೆ, ಯಾವ ಮಾಳಿಗೆ ಎಂಬುದನ್ನು ಮಾತ್ರ ಭೂಮಿ ನಡುಗುವ ಮೊದಲೇ ಯಾರಾದರೂ ನಡೆದು ನೋಡಿ ಬರೆದಿಡಬೇಕು. ನಮ್ಮ ಕಾಲೇಜುಗಳ ತರುಣರು ತಮ್ಮ ತಮ್ಮ ಹಳ್ಳಿಯಲ್ಲಿ ಒಂದು ರಜೆಯನ್ನು ಈ ಕೆಲಸಕ್ಕೆ ಕೊಟ್ಟರೆ ಓಲ್ಡ್‌ಹ್ಯಾಮನ ಲೆಕ್ಕ ಇಲ್ಲಿಯೂ ಮುಂದುವರಿದಂತಾಗುವುದು.