ಸರ್ ಎಂ.ವಿ. ಬರೆದ ಲೆಕ್ಕಗಳು

ಮಧುಗಿರಿಯ ಬ್ಯಾಂಕ್ ಶಾಖೆಯೊಂದರಲ್ಲಿ ಸಾಲದ ಅರ್ಜಿಗಳನ್ನು ಪರಿಶೀಲಿಸುತ್ತಿದ್ದ ವರ್ಷಗಳಲ್ಲಿ ಒಂದು ಸಂಗತಿ ನನಗೆ ತುಂಬ ಬೇಸರ ತರಿಸುತ್ತಿತ್ತು. ಪಾವಗಡದ ಕಡಲೆಕಾಯಿ ಎಣ್ಣೆ ಗಾಣಕ್ಕೂ ಕೊರಟಗೆರೆಯ ಹುಣಸೆಹಣ್ಣಿನ ಘಟಕಕ್ಕೂ ಲಗತ್ತಿಸಿದ ಯೋಜನಾ ವರದಿಗಳಲ್ಲಿ ಲಾಭದ ಅಂಕಿಗಳು ಒಂದೇ ಆಗಿರುತ್ತಿದ್ದವು. ಯಾರೋ ಟೈಪ್ ಮಾಡಿಟ್ಟ ವರದಿಯಲ್ಲಿ ಹೆಸರಷ್ಟೇ ಬದಲಾಗುತ್ತಿತ್ತು. ಅರ್ಜಿದಾರರು ಅದನ್ನು ಓದಿರುತ್ತಿರಲಿಲ್ಲ. ಓದಬೇಕಾದ ನಾವೂ ಎಲ್ಲವನ್ನೂ ಓದುತ್ತಿದ್ದೆವೆಂದು ಹೇಳಲಾರೆ. ಆಗೆಲ್ಲ ನನಗೆ ನೆನಪಾಗುತ್ತಿದ್ದವರು ಸರ್ ಎಂ. ವಿಶ್ವೇಶ್ವರಯ್ಯ.

ಅವರನ್ನು ನಾವು ಅಣೆಕಟ್ಟು ಮತ್ತು ಮೈಸೂರು ಪೇಟದೊಂದಿಗೆ ಸ್ಮರಿಸುತ್ತೇವೆ. ಕಾಗದದ ಮೇಲೆ ಲೆಕ್ಕ ಒಪ್ಪವಾಗದೆ ಕೆಲಸಕ್ಕೆ ಕೈಹಾಕದ ಮನುಷ್ಯ ಅವರೆಂಬುದನ್ನು ಮರೆತಿದ್ದೇವೆ. ಮುದ್ದೇನಹಳ್ಳಿಯ ಬಡ ಕುಟುಂಬದಲ್ಲಿ ಹುಟ್ಟಿ, ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡು, ಮಕ್ಕಳಿಗೆ ಪಾಠ ಹೇಳಿ ಗಳಿಸಿದ ಹಣದಲ್ಲಿ ಸೆಂಟ್ರಲ್ ಕಾಲೇಜಿನಲ್ಲಿ ಓದಿದವರಿಗೆ ಕಾಸಿನ ಬೆಲೆ ಬೇರೆ ಯಾರೂ ಕಲಿಸಬೇಕಿರಲಿಲ್ಲ. 1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆ ಸೇರಿದ ಅವರು 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆದರು.

ಕನ್ನಂಬಾಡಿ ಕಟ್ಟೆಯ ಪ್ರಸ್ತಾವ ಬಂದಾಗ ಖರ್ಚಿನ ಮೊತ್ತ ಕಂಡು ಹಣಕಾಸಿನ ಹೊಣೆ ಹೊತ್ತವರು ಹಿಂಜರಿದರು. ವಿಶ್ವೇಶ್ವರಯ್ಯನವರು ಭಾವನೆಯ ಮಾತು ಆಡಲಿಲ್ಲ. ಶಿವನಸಮುದ್ರದ ವಿದ್ಯುತ್ತು 1902ರಿಂದಲೇ ಕೋಲಾರದ ಚಿನ್ನದ ಗಣಿಗಳಿಗೆ ಹೋಗುತ್ತಿತ್ತು. ಬೇಸಿಗೆಯಲ್ಲಿ ನದಿ ಬತ್ತಿದರೆ ಆ ವಿದ್ಯುತ್ತಿಗೂ ಕುತ್ತು. ನೀರು ಕಟ್ಟಿ ನಿಲ್ಲಿಸಿದರೆ ಗಣಿಗಳಿಗೆ ಇನ್ನಷ್ಟು ವಿದ್ಯುತ್ ಮಾರಬಹುದು, ಆ ಆದಾಯ ಇಷ್ಟು, ಬಂಡವಾಳಕ್ಕೆ ಅದು ಹೀಗೆ ಒದಗುತ್ತದೆ ಎಂದು ತೋರಿಸಿದರು. 1911ರಲ್ಲಿ ಕಾಮಗಾರಿ ಆರಂಭವಾಯಿತು. ಮಂಡ್ಯದ ಗದ್ದೆಗಳ ಹಸಿರಿನ ಹಿಂದೆ ಒಬ್ಬ ಗಿರಾಕಿಯ ಲೆಕ್ಕವಿದೆ.

1912ರಿಂದ 1918ರವರೆಗೆ ದಿವಾನರಾಗಿದ್ದಾಗ ಮೈಸೂರು ಬ್ಯಾಂಕ್ ಸ್ಥಾಪನೆಯಾಯಿತು. ಸಂಪದಭ್ಯುದಯ ಸಮಾಜದ ಸಮಿತಿಗಳು ತಾಲ್ಲೂಕುಗಳವರೆಗೂ ಹಬ್ಬಿದವು.

ಅವರ ಲೆಕ್ಕ ತಪ್ಪಲೇ ಇಲ್ಲವೆಂದಲ್ಲ. ಅವರ ಬದುಕಿನಲ್ಲಿ ನನಗೆ ಅತ್ಯಂತ ಪಾಠವೆನಿಸುವುದು ಭದ್ರಾವತಿಯ ಪ್ರಸಂಗ. ಮೊದಲ ಮಹಾಯುದ್ಧದ ಕಾಲದಲ್ಲಿ ರೂಪುಗೊಂಡ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸುವ ಹೊತ್ತಿಗೆ ಬೀಡುಕಬ್ಬಿಣದ ಬೆಲೆ ಕುಸಿದಿತ್ತು. ನಷ್ಟ ಕಂಡ ಟೀಕಾಕಾರರು ಯೋಜನೆಯನ್ನೇ ಹಳಿದರು. ದಿವಾನಗಿರಿ ಬಿಟ್ಟು ವರ್ಷಗಳಾಗಿದ್ದ ಅವರು ಕಾರ್ಖಾನೆಯ ಆಡಳಿತ ಮಂಡಲಿಯ ಅಧ್ಯಕ್ಷತೆ ವಹಿಸಿಕೊಂಡು, 1929ರವರೆಗೆ ವೆಚ್ಚವನ್ನು ಬಾಬ್ತುಬಾಬ್ತಾಗಿ ಇಳಿಸಿ ಅದನ್ನು ಉಳಿಸಿದರು. ಊಹಿಸಿದ್ದನ್ನು ಬರೆದಿಟ್ಟಿದ್ದರಿಂದಲೇ ಎಲ್ಲಿ ತಪ್ಪಿತೆಂದು ಹುಡುಕುವುದು ಸಾಧ್ಯವಾಯಿತು. ಆ ಸೇವೆಗೆ ಬರಬೇಕಿದ್ದ ಸಂಭಾವನೆಯನ್ನು ಬೆಂಗಳೂರಿನಲ್ಲಿ ವೃತ್ತಿಶಿಕ್ಷಣ ಸಂಸ್ಥೆ ತೆರೆಯಲು ಬಿಟ್ಟುಕೊಟ್ಟರು. ಅದಕ್ಕೆ ಮಹಾರಾಜರ ಹೆಸರಿಡಿಸಿದರು.

1934ರಲ್ಲಿ ಭಾರತಕ್ಕೊಂದು ಯೋಜಿತ ಅರ್ಥವ್ಯವಸ್ಥೆ ಬೇಕೆಂದು ಇಂಗ್ಲಿಷಿನಲ್ಲಿ ಗ್ರಂಥ ಬರೆದ ಅವರು, ಮರುವರ್ಷ ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಯುರೋಪ್, ಅಮೆರಿಕಗಳನ್ನು ಸುತ್ತಿ ಮೋಟಾರು ಕಾರ್ಖಾನೆಯ ಯೋಜನೆ ಸಿದ್ಧಪಡಿಸಿದರು. ಮೈಸೂರು ಮುಂದೆ ಬಂದರೂ ಬ್ರಿಟಿಷ್ ಸರ್ಕಾರ ಸಹಕರಿಸಲಿಲ್ಲ. ಕೊನೆಗೆ ವಾಲ್‌ಚಂದ್ ಹೀರಾಚಂದ್ ಅವರ ಕಾರು ಕಾರ್ಖಾನೆ ಮುಂಬಯಿಯಲ್ಲಿ ತಲೆಯೆತ್ತಿತು. ಬೆಂಗಳೂರಿಗೆ 1940ರಲ್ಲಿ ಅದೇ ಉದ್ಯಮಿಯ ವಿಮಾನ ಕಾರ್ಖಾನೆ ಬಂತು. 1962ರಲ್ಲಿ ಕಣ್ಮುಚ್ಚುವವರೆಗೂ ವಿಶ್ವೇಶ್ವರಯ್ಯನವರು ಕಾರ್ಖಾನೆಗಳ ಕನಸು ಬಿಡಲಿಲ್ಲ.

ಒಮ್ಮೆ ಹುಣಸೆಹಣ್ಣಿನ ಘಟಕಕ್ಕೆ ಸಾಲ ಕೇಳಿ ಬಂದ ಯುವಕನಿಗೆ ವರದಿಯನ್ನು ಹಿಂದಿರುಗಿಸಿ, ಸ್ವಂತ ಕೈಯಲ್ಲಿ ಬರೆದು ತರಲು ಹೇಳಿದೆ. ಸಿಡಿಮಿಡಿಗೊಂಡು ಹೋದವನು ಎರಡು ವಾರದ ಬಳಿಕ ಮೂರು ಹಾಳೆ ತಂದ. ಮುದ್ರಿತ ವರದಿಯಲ್ಲಿ ಹನ್ನೆರಡು ತಿಂಗಳೂ ಒಂದೇ ಸಮ ಖರೀದಿಯಿತ್ತು. ಹಣ್ಣು ಬರುವುದು ಬೇಸಿಗೆಯ ಕೆಲವೇ ವಾರಗಳಲ್ಲಿ, ವರ್ಷಕ್ಕಾಗುವಷ್ಟನ್ನು ಆಗಲೇ ಕೊಂಡು ಶೀತಲಗೃಹದಲ್ಲಿ ಇಡಬೇಕು, ಅದಕ್ಕೆ ಬೇಕಾದ ದುಡ್ಡು ಯಂತ್ರದ ಬೆಲೆಗಿಂತ ಹೆಚ್ಚು ಎಂದು ಅವನೇ ಕಂಡುಕೊಂಡಿದ್ದ. ಯಂತ್ರದ ಸಾಲ ಅರ್ಧಕ್ಕಿಳಿಸಿ, ದುಡಿಯುವ ಬಂಡವಾಳ ಹೆಚ್ಚಿಸಿ ಕೊಡಿ ಸಾರ್ ಎಂದು ಕೇಳಿದ. ಆ ಹಾಳೆಗಳನ್ನೇ ಕಡತಕ್ಕೆ ಸೇರಿಸಿ ಮಂಜೂರು ಮಾಡಿದೆ.