ಗುಂಡಿಗೆ ಗುಂಡು ಹೊಡೆದ ಮೇಷ್ಟ್ರು

ಸುವರ್ಣ ಮಹೋತ್ಸವದ ಸಂಚಿಕೆಗೆ ಒಬ್ಬ ವಿಜ್ಞಾನಿಯ ಬಗ್ಗೆ ಬರೆದುಕೊಡಿ ಎಂದು ಸಂಪಾದಕ ಮಂಡಳಿಯ ಹಳೆಯ ವಿದ್ಯಾರ್ಥಿಗಳು ಮನೆಗೆ ಬಂದು ಕೇಳಿದಾಗ, ನಾನು ಸರ್ ಸಿ.ವಿ. ರಾಮನ್ ಅಥವಾ ವಿಶ್ವೇಶ್ವರಯ್ಯನವರನ್ನು ಆರಿಸಿಕೊಳ್ಳುತ್ತೇನೆ ಎಂದೇ ಅವರು ಎಣಿಸಿದ್ದರು. ಅವರಿಬ್ಬರ ಮೇಲೆ ನೀವೆಲ್ಲ ಪ್ರಬಂಧ ಬರೆದು ಅಂಕ ಪಡೆದವರೇ. ಹಾಗಾಗಿ, ಇಪ್ಪತ್ತೆಂಟು ವರ್ಷ ಭೌತಶಾಸ್ತ್ರ ಪಾಠ ಮಾಡಿದ ನಾನು, ನನ್ನಂತೆಯೇ ಶಿಕ್ಷಕರ ತರಬೇತಿ ಕಾಲೇಜಿನಿಂದ ಹೊರಬಂದ ಒಬ್ಬರ ಕಥೆ ಹೇಳುತ್ತೇನೆ. ಅವರು ಗ್ರಿಗೋರಿ ವಾಸಿಲ್ಯೇವಿಚ್ ಕಿಸುಂಕೊ. ಆಕಾಶದಿಂದ ಬೀಳುವ ಕ್ಷಿಪಣಿಯನ್ನು ಇನ್ನೊಂದು ಕ್ಷಿಪಣಿಯಿಂದ ಹೊಡೆದುಹಾಕಬಹುದು ಎಂದು ಜಗತ್ತಿನಲ್ಲಿ ಮೊದಮೊದಲು ಮಾಡಿ ತೋರಿಸಿದವರಲ್ಲಿ ಒಬ್ಬರು.

ಕಿಸುಂಕೊ ಹುಟ್ಟಿದ್ದು 1918ರ ಜುಲೈ 20ರಂದು, ಉಕ್ರೇನಿನ ಬೆಲ್ಮಾಂಕಾ ಎಂಬ ಹಳ್ಳಿಯಲ್ಲಿ. ಓದಿದ್ದು ಲುಹಾನ್ಸ್ಕ್ ಊರಿನ ಶಿಕ್ಷಕರ ಕಾಲೇಜಿನಲ್ಲಿ, ಭೌತಶಾಸ್ತ್ರ ಮತ್ತು ಗಣಿತ. ಪದವಿ ಕೈಗೆ ಬಂದದ್ದು 1938ರಲ್ಲಿ. ಅದೇ ವರ್ಷ ಅವರ ತಂದೆ ವಾಸಿಲಿಯನ್ನು ಸ್ಟಾಲಿನ್ ಆಡಳಿತದ ಪೊಲೀಸರು ಹಿಡಿದುಕೊಂಡು ಹೋಗಿ ಗುಂಡಿಕ್ಕಿ ಕೊಂದರು. ಆ ಕಾಲದಲ್ಲಿ ಹೀಗೆ ಕೊಂದವರ ಮನೆಯವರಿಗೆ ನಿಜ ಹೇಳುತ್ತಿರಲಿಲ್ಲ. ಹತ್ತು ವರ್ಷ ಸೆರೆ, ಪತ್ರ ಬರೆಯುವಂತಿಲ್ಲ ಎಂದಷ್ಟೇ ತಿಳಿಸುವುದು ರೂಢಿಯಾಗಿತ್ತು. ಮನೆಯವರು ಕಾಯುತ್ತಲೇ ಇರುತ್ತಿದ್ದರು. ತಂದೆಯನ್ನು ತಿಂದ ಆ ಸರ್ಕಾರಕ್ಕೇ ಮಗ ಮುಂದೆ ಕೊಡೆ ಹಿಡಿಯಬೇಕಾಗಿ ಬಂತು. ಕಿಸುಂಕೊ ಅವರ ಬಗ್ಗೆ ಯೋಚಿಸಿದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಇದೇ.

ಲೆನಿನ್‌ಗ್ರಾಡಿನಲ್ಲಿ ಸಂಶೋಧನೆ ಮುಗಿಸುವ ಹೊತ್ತಿಗೆ, 1941ರಲ್ಲಿ, ಯುದ್ಧ ಬಂತು. ಸಾಮಾನ್ಯ ಸೈನಿಕನಾಗಿ ಸೇರಿದ ಅವರನ್ನು ಸೈನ್ಯವೇ ರೇಡಾರ್ ಕೆಲಸಕ್ಕೆ ಎಳೆದುಕೊಂಡಿತು. ಆಮೇಲೆ ಕೆಲವು ವರ್ಷ ಸೈನ್ಯದ ಸಂಪರ್ಕ ಅಕಾಡೆಮಿಯಲ್ಲಿ ಮೇಷ್ಟ್ರಾಗಿದ್ದರು. 1950ರಲ್ಲಿ ಮಾಸ್ಕೋದ ಒಂದು ರಹಸ್ಯ ವಿನ್ಯಾಸ ಸಂಸ್ಥೆಗೆ ಕರೆ ಬಂತು. ಅಲ್ಲಿಂದ ಮುಂದೆ ಬಹುಕಾಲ ಅವರ ಹೆಸರು ಅವರ ದೇಶದವರಿಗೇ ಗೊತ್ತಿರಲಿಲ್ಲ.

1953ರಲ್ಲಿ ಸೋವಿಯತ್ ಸೈನ್ಯದ ಏಳು ಮಂದಿ ಹಿರಿಯ ದಂಡನಾಯಕರು ಸೇರಿ ಪಕ್ಷದ ಕೇಂದ್ರ ಸಮಿತಿಗೆ ಒಂದು ಪತ್ರ ಬರೆದರು. ಶತ್ರುವಿನ ಕ್ಷಿಪಣಿ ಬಂದರೆ ತಡೆಯಲು ನಮ್ಮಲ್ಲಿ ಏನೂ ಇಲ್ಲ, ಏನಾದರೂ ಮಾಡಿ ಎಂಬುದು ಅದರ ಸಾರ. ದೊಡ್ಡ ದೊಡ್ಡ ತಜ್ಞರು ತಲೆಯಾಡಿಸಿದರು. ಹಾರಿ ಬರುವ ಗುಂಡಿಗೆ ಗುಂಡು ಹೊಡೆಯಲಾದೀತೇ ಎಂದು ನಕ್ಕವರೂ ಇದ್ದರು. ಆಗುತ್ತದೆ ಎಂದು ಲೆಕ್ಕ ಹಾಕಿ ನಿಂತವರು ಕಿಸುಂಕೊ.

ಅವರ ಉಪಾಯವನ್ನು ನಾನು ಒಂಬತ್ತನೇ ತರಗತಿಯ ಮಕ್ಕಳಿಗೆ ಹಗ್ಗದಲ್ಲಿ ತೋರಿಸುತ್ತಿದ್ದೆ. ರೇಡಾರ್ ಒಂದು ವಸ್ತು ಯಾವ ದಿಕ್ಕಿನಲ್ಲಿದೆ, ಎಷ್ಟು ದೂರದಲ್ಲಿದೆ ಎಂದು ಎರಡನ್ನೂ ಹೇಳುತ್ತದೆ. ದೂರ ಬಹಳ ಖಚಿತ, ದಿಕ್ಕು ಅಷ್ಟು ಖಚಿತವಲ್ಲ. 200 ಕಿಲೋಮೀಟರ್ ದೂರದಲ್ಲಿ ಕೋನ ಡಿಗ್ರಿಯ ಹತ್ತನೇ ಒಂದು ಭಾಗ ತಪ್ಪಿದರೂ ಸುಮಾರು 350 ಮೀಟರ್ ಆಚೀಚೆ ಆಗಿಬಿಡುತ್ತದೆ. ಅಷ್ಟು ತಪ್ಪಿದರೆ ಹೊಡೆತ ವ್ಯರ್ಥ. ಹಾಗಾದರೆ ದಿಕ್ಕಿನ ಸಹವಾಸವೇ ಬೇಡ ಎಂದರು ಕಿಸುಂಕೊ. ಅಂಗಳದಲ್ಲಿ ಮೂರು ಗೂಟ ನೆಟ್ಟು, ಅಳತೆ ಗೊತ್ತಿರುವ ಮೂರು ಹಗ್ಗ ಕಟ್ಟಿ, ತುದಿಗಳನ್ನು ಬಿಗಿಯಾಗಿ ಮೇಲಕ್ಕೆ ಎಳೆದರೆ ಅವು ಒಂದೇ ಒಂದು ಜಾಗದಲ್ಲಿ ಕೂಡುತ್ತವೆ. ಅವರ ಗೂಟಗಳು ಮೂರು ರೇಡಾರ್‌ಗಳು. ಸುಮಾರು 150 ಕಿಲೋಮೀಟರ್ ಬಾಹುವಿನ ಸಮಬಾಹು ತ್ರಿಭುಜದ ಮೂರು ಮೂಲೆಗಳಲ್ಲಿ ಅವುಗಳನ್ನು ನಿಲ್ಲಿಸಿದರು.

ಇದಕ್ಕೆ ಆರಿಸಿದ ಜಾಗ ಕಜಾಕಸ್ತಾನದ ಬಾಲ್ಖಾಶ್ ಸರೋವರದ ಪಕ್ಕದ ಮರುಭೂಮಿ, ಸಾರಿ ಶಗಾನ್. 1956ರಲ್ಲಿ ಕೆಲಸಕ್ಕೆ ಹೋದವರು ಡೇರೆಗಳಲ್ಲಿದ್ದರು. ಬೇಸಿಗೆಯಲ್ಲಿ ಸುಡುವ ಬಿಸಿಲು, ಚಳಿಗಾಲದಲ್ಲಿ ಮೈ ಮರಗಟ್ಟಿಸುವ ಶೀತ. ಪಿ.ಡಿ. ಗ್ರುಷಿನ್ ವಿ-1000 ಎಂಬ ತಡೆ ಕ್ಷಿಪಣಿಯನ್ನು ಮಾಡಿಕೊಟ್ಟರು. ಸೆರ್ಗೇಯ್ ಲೆಬೆದೆವ್ ಎಂ-40 ಎಂಬ ಗಣಕಯಂತ್ರ ಕೊಟ್ಟರು. ಸೆಕೆಂಡಿಗೆ ಸುಮಾರು 40,000 ಲೆಕ್ಕ. ನಮ್ಮ ಮೊಮ್ಮಕ್ಕಳ ಮೊಬೈಲಿನ ಮುಂದೆ ಏನೂ ಅಲ್ಲ, ಆದರೆ ಆ ದಿನಗಳಲ್ಲಿ ಅದ್ಭುತ. ರೇಡಾರ್ ಕಳಿಸಿದ ದೂರಗಳನ್ನು ಲೆಕ್ಕ ಹಾಕಿ, ತಡೆ ಕ್ಷಿಪಣಿಗೆ ದಾರಿ ಹೇಳುವುದು ಮನುಷ್ಯರ ಕೈಯಲ್ಲಿ ಆಗುವ ಕೆಲಸವೇ ಅಲ್ಲ. ಎಲ್ಲ ಮುಗಿಯುವುದು ಕೆಲವೇ ನಿಮಿಷಗಳಲ್ಲಿ.

ಎಷ್ಟೋ ಸಲ ಪ್ರಯೋಗ ಕೈಕೊಟ್ಟಿತು. ಕೊನೆಗೆ 1961ರ ಮಾರ್ಚ್ 4ರಂದು ವೋಲ್ಗಾ ಕಡೆಯ ಕಪೂಸ್ತಿನ್ ಯಾರ್‌ನಿಂದ ಆರ್-12 ಕ್ಷಿಪಣಿಯೊಂದನ್ನು ಹಾರಿಸಿದರು. ಅದರ ತಲೆಭಾಗ ಸೆಕೆಂಡಿಗೆ ಸುಮಾರು ಮೂರು ಕಿಲೋಮೀಟರ್ ವೇಗದಲ್ಲಿ ಇಳಿಯುತ್ತಿತ್ತು. ಗಣಕ ನಡುವೆ ಒಮ್ಮೆ ಮುಗ್ಗರಿಸಿ, ಮತ್ತೆ ಎದ್ದು ಲೆಕ್ಕ ಹಿಡಿಯಿತು. ವಿ-1000 ಮೇಲೇರಿ, ಸುಮಾರು 25 ಕಿಲೋಮೀಟರ್ ಎತ್ತರದಲ್ಲಿ, ಅಣುಬಾಂಬ್ ಇಲ್ಲದೆ ಬರೀ ಲೋಹದ ಗುಂಡುಗಳನ್ನು ಚದುರಿಸಿ ಆ ತಲೆಭಾಗವನ್ನು ಚೂರು ಮಾಡಿತು. ಅಮೆರಿಕದವರು ಅಣುಬಾಂಬ್ ಇಲ್ಲದೆ ಇಂಥ ಸಿಡಿತಲೆಯನ್ನು ಹೊಡೆದದ್ದು 1984ರಲ್ಲಿ.

ಇಲ್ಲಿಗೆ ನಿಲ್ಲಿಸಿದ್ದರೆ ಕಥೆ ಸಿಹಿ. ಆದರೆ ಮಾಸ್ಕೋ ರಕ್ಷಣೆಗೆಂದು ಅವರೇ ಕೈಗೆತ್ತಿಕೊಂಡ ಎ-35 ಯೋಜನೆ ವರ್ಷಗಟ್ಟಲೆ ಎಳೆಯಿತು. ಅದರ ತಡೆ ಕ್ಷಿಪಣಿಗಳಿಗೆ ಅಣ್ವಸ್ತ್ರವನ್ನೇ ಇಡಬೇಕಾಯಿತು. ಅಷ್ಟರಲ್ಲಿ ಅಮೆರಿಕ ಒಂದೇ ಕ್ಷಿಪಣಿಯಲ್ಲಿ ಹಲವು ಸಿಡಿತಲೆಗಳನ್ನು ಕಳಿಸಲು ಕಲಿತಿತ್ತು. ಹೊಡೆಯುವವನು ಅಗ್ಗವಾಗಿ ಹೆಚ್ಚಿಸಬಲ್ಲ, ತಡೆಯುವವನು ಹೆಚ್ಚಿಸಲಾರ. 1972ರ ಮೇ ತಿಂಗಳಲ್ಲಿ ಎರಡು ದೇಶಗಳೂ ಒಪ್ಪಂದ ಮಾಡಿಕೊಂಡು ಇಂಥ ರಕ್ಷಣೆಗೆ ಮಿತಿ ಹಾಕಿಕೊಂಡವು. 1975ರಲ್ಲಿ ಕಿಸುಂಕೊ ಅವರನ್ನು ಅವರದೇ ಕೆಲಸದಿಂದ ಬಿಡಿಸಿ ಬೇರೆ ಸಂಸ್ಥೆಗೆ ಕಳಿಸಿದರು. ಲೆನಿನ್ ಪ್ರಶಸ್ತಿ, ಲೆಫ್ಟಿನೆಂಟ್ ಜನರಲ್ ಪದವಿ, ಎಲ್ಲ ಇತ್ತು. ಕೈಯಲ್ಲಿ ಕೆಲಸ ಇರಲಿಲ್ಲ. ನಿವೃತ್ತಿಯಾದ ಮೇಷ್ಟ್ರುಗಳಿಗೆ ಇದು ಸ್ವಲ್ಪ ಅರ್ಥವಾದೀತು, ಆದರೆ ನಾವು ವಯಸ್ಸಾಗಿ ಹೊರಬಂದವರು.

ಅವರು ಪದ್ಯ ಬರೆಯುತ್ತಿದ್ದರು. ಸೋವಿಯತ್ ಒಕ್ಕೂಟ ಒಡೆದ ಮೇಲೆ, ಅಷ್ಟು ವರ್ಷ ಬಾಯಿ ಬಿಡದಿದ್ದುದನ್ನೆಲ್ಲ ನೆನಪಿನ ಪುಸ್ತಕವಾಗಿ ಬರೆದು 1996ರಲ್ಲಿ ಪ್ರಕಟಿಸಿದರು. ರೇಡಾರ್‌ಗಳ ಜೊತೆಗೆ ತಂದೆ ವಾಸಿಲಿಯ ಕಥೆಯನ್ನೂ ಅದರಲ್ಲಿ ಹೇಳಿದರು. 1998ರ ಅಕ್ಟೋಬರ್ 11ರಂದು, ಎಂಬತ್ತನೇ ವಯಸ್ಸಿನಲ್ಲಿ, ಮಾಸ್ಕೋದಲ್ಲಿ ತೀರಿಕೊಂಡರು.